ತುಳುನಾಡಿನ ಮಕ್ಕಳ ಕೋವಿ: ಪೇಟ್ಲದಿಂದ ಕೇಪಿನ ಪಿಸ್ತೂಲಿನವರೆಗೆ

ಉಡುಪಿಯ ರಥಬೀದಿಯಲ್ಲಿ ವಿಟ್ಲಪಿಂಡಿಯ ಸಂದಣಿ ನೆರೆದಾಗಲೂ, ಕಾಪುವಿನ ಮಾರಿಗುಡಿಗಳಲ್ಲಿ ಸುಗ್ಗಿಮಾರಿಪೂಜೆ ನಡೆವಾಗಲೂ, ಕಾರ್ಕಳದ ಸಮೀಪದ ಅತ್ತೂರಿನಲ್ಲಿ ಸಂತ ಲಾರೆನ್ಸರ ಜಾತ್ರೆ ಕೂಡಿದಾಗಲೂ ಹುಡುಗರ ಕಣ್ಣು ಮೊದಲು ಹರಿಯುವುದು ಆಟಿಕೆಯ ಅಂಗಡಿಯ ಕಡೆಗೆ. ಅಲ್ಲಿಯೂ ಕೋವಿಯ ಕಡೆಗೆ. ಆಟದ ಕೋವಿಯು ನಿಜವಾದ ಕೋವಿಯ ಅನುಕರಣವೆಂದೂ, ಪರದೇಶದಿಂದ ಬಂದ ತಗಡಿನ ವಸ್ತುವೆಂದೂ ಸಾಮಾನ್ಯವಾಗಿ ಭಾವಿಸಲಾಗಿದೆ. ಈ ಭಾವನೆಯನ್ನು ಸ್ವಲ್ಪ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ತಗಡಿನ ಪಿಸ್ತೂಲಿಗೆ ಮೊದಲು ನಮ್ಮ ಮಕ್ಕಳ ಕೈಯಲ್ಲಿದ್ದುದು ಪೇಟ್ಲ. ಪೆಟ್ಲ, ಪೆಟ್ಲು ಎಂಬ ರೂಪಗಳೂ ಉಂಟು. ಓಟೆಬಿದಿರಿನ ಒಂದು ಗೆಣ್ಣಿನಷ್ಟು ನೀಳವಾದ ಕೊಳವೆ, ಅದರೊಳಗೆ ಬಿಗಿಯಾಗಿ ಸರಿದಾಡುವ ಹಿಡಿಕೆಯುಳ್ಳ ಕಡ್ಡಿ, ಮಳೆಗಾಲದ ಹಸಿರು ಕಾಡುಕಾಯಿ: ಇಷ್ಟೇ ಇದರ ಸಾಮಗ್ರಿ. ಕಾಯಿ ಸಿಗದಲ್ಲಿ ನೆನೆಸಿದ ಕಾಗದದ ಉಂಡೆಯೂ ಸಾಕು. ಮೊದಲ ಕಾಯಿಯನ್ನು ಕಡ್ಡಿಯಿಂದ ನೂಕಿ ಕೊಳವೆಯ ತುದಿಗೆ ತರುತ್ತಾರೆ. ಎರಡನೆಯದನ್ನು ಹಿಂದಿನಿಂದ ಒತ್ತುತ್ತಾರೆ. ನಡುವೆ ಸಿಕ್ಕಿದ ಗಾಳಿ ಕುಗ್ಗಿ, ತಾಳಲಾರದೆ, ಮುಂದಿನ ಕಾಯನ್ನು ಸಿಡಿಸುತ್ತದೆ. ಹಿಂದಿನ ಕಾಯಿ ಈಗ ಮುಂದಿನದಾಯಿತು; ಮತ್ತೊಂದನ್ನು ತುಂಬಿದರೆ ಮತ್ತೆ ಸಿದ್ಧ. ಕಡ್ಡಿಯು ಕೊಳವೆಗಿಂತ ತುಸು ಗಿಡ್ಡವಾಗಿರಬೇಕು, ಇಲ್ಲವಾದರೆ ಎರಡನೆಯ ಕಾಯಿಯೂ ಹೊರಬಿದ್ದು ಆಟ ಕೆಡುತ್ತದೆ. ಇದನ್ನು ಅರಿತ ಹುಡುಗನಿಗೆ ವಾಯುವಿನ ಒತ್ತಡದ ಪಾಠವನ್ನು ಶಾಲೆಯಲ್ಲಿ ಹೊಸದಾಗಿ ಹೇಳಬೇಕಾಗಿಲ್ಲ.

ಇಲ್ಲಿ ಮದ್ದಿಲ್ಲ, ಬೆಂಕಿಯಿಲ್ಲ. ಹೀಗಿರುವಾಗ ಇದು ಕೋವಿಯ ಅನುಕರಣವೆಂದು ಹೇಗೆ ಹೇಳುವುದು? ಶಬ್ದಗಳ ಸಾಕ್ಷ್ಯವು ಬೇರೆಯೇ ದಾರಿ ತೋರಿಸುತ್ತದೆ. ನಮ್ಮಲ್ಲಿ ಬಳಕೆಯಲ್ಲಿರುವ ‘ತುಪಾಕಿ’ಯು ತುರ್ಕಿ ಮೂಲದ್ದು. ಹನ್ನೊಂದನೆಯ ಶತಮಾನದಲ್ಲಿ ಮಹಮೂದ್ ಕಾಶ್‌ಗರಿಯು ರಚಿಸಿದ ತುರ್ಕಿ ನಿಘಂಟಿನಲ್ಲಿ ಇದರ ಪೂರ್ವರೂಪಕ್ಕೆ, ಮರದ ತೊಗಟೆಯಿಂದ ಮಾಡಿ ಸಣ್ಣ ಹಕ್ಕಿಗಳಿಗೆ ಗುಂಡು ಹಾರಿಸುವ ಕೊಳವೆಯೆಂಬ ಅರ್ಥವಿದೆ. ಸಿಡಿಮದ್ದಿನ ಆಯುಧವು ಆಮೇಲೆ ಬಂದು ಆ ಹೆಸರನ್ನು ಪಡೆಯಿತು. ‘ಬಂದೂಕು’ ಅರಬ್ಬಿಯ ‘ಬುಂದುಕ್’ ಶಬ್ದದಿಂದ ಬಂದುದು. ಅದರ ಮೊದಲ ಅರ್ಥ ಒಂದು ಬಗೆಯ ಕಾಯಿಬೀಜ, ಅನಂತರ ಗುಂಡು, ಕಡೆಗೆ ಆಯುಧ. ‘ಕೋವಿ’ಗೆ ಕೊಳವೆಯೆಂಬ ಅರ್ಥವೂ ಉಂಟು. ತುಳುವಿನ ‘ಬೆಡಿ’ಯಾದರೋ ಕೋವಿಗೂ ಜಾತ್ರೆಯ ಸಿಡಿಮದ್ದಿಗೂ ಸಮಾನ, ಪುತ್ತೂರಿನ ಮಹಾಲಿಂಗೇಶ್ವರನ ಜಾತ್ರೆಯ ಬೆಡಿ ಪ್ರಸಿದ್ಧವಷ್ಟೆ. ಕೊಳವೆ, ಕಾಯಿ, ಸದ್ದು ಮೂರೂ ಪೇಟ್ಲದಲ್ಲಿವೆ. ಆದುದರಿಂದ ಎಷ್ಟೋ ಕಡೆ ಆಯುಧವೇ ಆಟಿಕೆಯ ಹೆಸರನ್ನು ಎರವಲು ಪಡೆದಿದೆಯೆನ್ನಬೇಕು.

ಬಸ್ತರಿನ ಜಗದಲ್‌ಪುರದಲ್ಲಿ ಗೋಂಚಾ ಎಂಬ ರಥೋತ್ಸವದ ಕಾಲಕ್ಕೆ ‘ತುಪ್‌ಕಿ’ಯೆಂಬ ಬಿದಿರಿನ ಕೋವಿಯಿಂದ ಪೆಂಗ್ ಕಾಯಿಯನ್ನು ಸಿಡಿಸಿ ಜಗನ್ನಾಥನಿಗೆ ವಂದನೆ ಸಲ್ಲಿಸುವ ರೂಢಿಯಿದೆ. ಯಂತ್ರ ನಮ್ಮ ಪೇಟ್ಲವೇ. ಅಲ್ಲಿ ಹಿರಿಯರೂ ಹಿಡಿಯುವ ಇದು ನಮ್ಮಲ್ಲಿ ಮಕ್ಕಳಿಗೇ ಉಳಿಯಿತು.

ತಗಡಿನ ಪಿಸ್ತೂಲಿನ ಚರಿತ್ರೆ ಚಿಕ್ಕದು. ಅಮೆರಿಕದ ಅಂತರ್ಯುದ್ಧವು ೧೮೬೫ರಲ್ಲಿ ಮುಗಿದ ಬಳಿಕ ಅಲ್ಲಿನ ಎರಕದ ಕಾರ್ಖಾನೆಗಳು ಕೇಪು ಹೊಡೆಯುವ ಪಿಸ್ತೂಲುಗಳನ್ನು ಮಾಡತೊಡಗಿದವು. ೧೯೩೮ರಲ್ಲಿ ಒಹಾಯೋದ ಕೆಂಟನ್ ಕಾರ್ಖಾನೆಯು ಜೀನ್ ಆಟ್ರಿ ಎಂಬ ಚಲನಚಿತ್ರ ನಟನ ಹೆಸರಿನಲ್ಲಿ ಹೊರತಂದ ಪಿಸ್ತೂಲು ಹೆಸರಾಂತದ್ದು. ಕೇಪಿನ ಚುಕ್ಕಿಯಲ್ಲಿರುವುದು ಕೆಂಪು ರಂಜಕವೂ ಪೊಟಾಸಿಯಂ ಕ್ಲೋರೇಟೂ; ಪೆಟ್ಟು ಬಿದ್ದೊಡನೆ ಸಿಡಿಯುತ್ತದೆ. ಪಿಸ್ತೂಲು ಕೊಳ್ಳಲು ಕಾಸಿಲ್ಲದ ಹುಡುಗರು ಕೇಪಿನ ಸುರುಳಿಯನ್ನಷ್ಟೇ ಕೊಂಡು ಜಗಲಿಯ ಮೇಲೆ ಕಲ್ಲಿನಿಂದ ಗುದ್ದುತ್ತಿದ್ದರು. ಸದ್ದಿನಲ್ಲಿ ಬಡವ ಬಲ್ಲಿದರೆಂಬ ಭೇದವಿರಲಿಲ್ಲ. ಆದರೆ ಪೇಟ್ಲವನ್ನು ಮಾಡಬೇಕಾಗಿತ್ತು, ಇದನ್ನು ಕೊಳ್ಳಬೇಕು. ನಮಗೆ ಮುಖ್ಯವಾಗಿ ತೋರುವ ವ್ಯತ್ಯಾಸ ಇದು.

ಹಿರಿಯರ ಕೋವಿಗೆ ೧೮೭೮ರ ಕಾಯಿದೆಯಿಂದಲೇ ಪರವಾನಗಿ ಬೇಕಾಯಿತು. ಬೆಳೆಯ ರಕ್ಷಣೆಗಾಗಿ ಪರವಾನಗಿ ಪಡೆದ ಕೃಷಿಕರು ಚುನಾವಣೆಯ ಕಾಲದಲ್ಲಿ ತಮ್ಮ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗಿ ಬಂದು ಗೊಣಗುವುದು ಈ ಜಿಲ್ಲೆಯಲ್ಲಿ ಕೇಳಿದ ಮಾತೇ. ೧೯೬೨ರ ಅಕ್ಟೋಬರ್ ೧ರಂದು ಜಾರಿಗೆ ಬಂದ ೧೯೫೯ರ ಆಯುಧ ಕಾಯಿದೆಯು, ಸ್ಫೋಟಕದಿಂದಲಾಗಲಿ ಅನ್ಯ ಶಕ್ತಿಯಿಂದಲಾಗಲಿ ಗುಂಡನ್ನು ಹಾರಿಸುವುದೆಲ್ಲ ಬಂದೂಕೆನ್ನುತ್ತದೆ. ಅಕ್ಷರಶಃ ಹಿಡಿದರೆ ಪೇಟ್ಲವೂ ಅದರೊಳಗೆ ಬರಬೇಕು! ಆಟಿಕೆಯಾಗಿಯಲ್ಲದೆ ಬೇರೆ ವಿಧದಲ್ಲಿ ಬಳಸಲಾಗದ, ಉಪಯುಕ್ತ ಆಯುಧವಾಗಿ ಮಾರ್ಪಡಿಸಲಾಗದ ವಸ್ತುಗಳನ್ನು ಅದೇ ಕಾಯಿದೆ ಹೊರಗಿಟ್ಟಿರುವುದರಿಂದ ನಮ್ಮ ಹುಡುಗರು ಬಚಾವಾದರು.

ಆದರೆ ಆಟಿಕೆಗೂ ಆಯುಧಕ್ಕೂ ನಡುವಣ ಈ ಗೆರೆ ಸದಾ ಸ್ಥಿರವಲ್ಲ. ೨೦೨೫ರ ದೀಪಾವಳಿಯಲ್ಲಿ ಮಧ್ಯಪ್ರದೇಶದ ಭೋಪಾಲ ಮುಂತಾದ ಕಡೆ ಪ್ಲಾಸ್ಟಿಕ್ ಕೊಳವೆಯ ‘ಕಾರ್ಬೈಡ್ ಕೋವಿ’ಗಳಿಂದ ನೂರಕ್ಕೂ ಹೆಚ್ಚು ಮಂದಿಯ ಕಣ್ಣಿಗೆ ಗಾಯವಾಯಿತು, ಅವರಲ್ಲಿ ಮಕ್ಕಳೇ ಬಹಳ. ಕ್ಯಾಲ್ಸಿಯಂ ಕಾರ್ಬೈಡಿಗೆ ನೀರು ತಾಗಿ ಹುಟ್ಟುವ ಅನಿಲಕ್ಕೆ ಕಿಡಿ ಹತ್ತಿಸುವ ಈ ಸಾಧನವೂ ಒಂದು ಕೊಳವೆಯೇ. ಸಿಡಿಯದಿದ್ದಾಗ ಮಕ್ಕಳು ಬಾಗಿ ಒಳಗೆ ಇಣುಕುತ್ತಾರೆ, ಅಪಾಯ ಆಗಲೇ. ಪೇಟ್ಲದೊಳಗೆ ಇಣುಕಿದವನಿಗೆ ಕಾಣುವುದು ಸಿಕ್ಕಿಕೊಂಡ ಹಸಿರು ಕಾಯಿ ಮಾತ್ರ.

ಬಿದಿರು ಒಣಗಿ ಸೀಳುವುದರಿಂದ ಪೇಟ್ಲವು ಮುಂದಿನ ಮಳೆಗಾಲಕ್ಕೆ ಉಳಿಯುವುದೇ ಅಪರೂಪ. ಯಾರ ಮನೆಯ ಅಟ್ಟದಲ್ಲಾದರೂ ಒಂದು ದೊರೆತರೆ ಅದರ ಉದ್ದ, ಕೊಳವೆಯ ವ್ಯಾಸ, ಬಳಸುತ್ತಿದ್ದ ಕಾಯಿಯ ಸ್ಥಳೀಯ ಹೆಸರು, ಊರು ಇವಿಷ್ಟನ್ನು ಬರೆದಿಟ್ಟುಕೊಂಡರೂ ಮುಂದಿನ ಅಭ್ಯಾಸಿಗೆ ಕೆಲಸಕ್ಕೆ ಬರುತ್ತದೆ.