ಮಣ್ಣಿನೊಳಗಿನ ಜಲಜೀವಿಗಳು: ಎಚ್ಚರವೋ, ನಿದ್ದೆಯೋ?

ಮಣ್ಣಿನ ಕಣಗಳಿಗೆ ಅಂಟಿಕೊಂಡ ತೆಳು ನೀರಿನ ಪೊರೆಯಲ್ಲಿ ಅಮೀಬಾ, ಸಿಲಿಯೇಟ್, ರೋಟಿಫರ್‌ಗಳು ಬದುಕುತ್ತವೆ. ವಾಸ ನೆಲದಲ್ಲಾದರೂ ಅವು ಜಲಜೀವಿಗಳೇ. ಪೊರೆ ಆರಿದರೆ ಮುದುಡಿ ಮಲಗುತ್ತವೆ. ಡೆಲ್ಫ್ಟ್ ಊರಿನ ಲೇವನ್‌ಹುಕ್ 1702ರಲ್ಲಿ ಮಾಡಿನ ದೋಣಿಯಲ್ಲಿ ಒಣಗಿದ್ದ ಕೆಸರಿಗೆ ನೀರು ಹಾಕಿ, ರೋಟಿಫರ್‌ಗಳು ಮತ್ತೆ ಚಲಿಸುವುದನ್ನು ಕಂಡಿದ್ದ. ಇಂದು ಪರಿಸರ ಡಿಎನ್‌ಎ ವಿಧಾನದಿಂದ ಚಿಟಿಕೆ ಮಣ್ಣಿನಲ್ಲಿ ಯಾರು ಯಾರಿದ್ದಾರೆಂಬ ಪಟ್ಟಿಯೇ ಸಿಗುತ್ತದೆ. ಆದರೆ ಎಚ್ಚರವಿದ್ದವರು ಯಾರು, ಮಲಗಿದ್ದವರು ಯಾರು, ಸತ್ತವರು ಯಾರು ಎಂಬುದನ್ನು ಆ ಪಟ್ಟಿ ಹೇಳದು. ಈ ತೊಡಕು ಹೊಸದಲ್ಲ. ಶತಮಾನದ ಹಿಂದೆಯೇ ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ ಇದರೊಂದಿಗೆ ಸೆಣಸಿತ್ತು. ಆ ಕೆಲಸವನ್ನು ಮರೆತು ಡಿಎನ್‌ಎ ಪಟ್ಟಿಗಳನ್ನು ಓದುವುದು ತಪ್ಪೆಂದೇ ನನ್ನ ವಾದ.

ಕಾಯಿಸಿದ ಮಣ್ಣಿನಲ್ಲಿ ಬೆಳೆ ಹುಲುಸಾಗುವುದೇಕೆ? ಬ್ಯಾಕ್ಟೀರಿಯಾಗಳನ್ನು ತಿನ್ನುವ ಪ್ರೊಟೊಜೋವಗಳು (ಅಮೀಬಾ, ಸಿಲಿಯೇಟ್‌ನಂಥ ಏಕಕೋಶ ಜೀವಿಗಳು) ಸಾಯುವುದರಿಂದ ಎಂದು ಅಲ್ಲಿನ ರಸೆಲ್ ಮತ್ತು ಹಚಿನ್‌ಸನ್ 1909ರಲ್ಲಿ ವಾದಿಸಿದರು. ಹೊಲದ ಸಿಲಿಯೇಟ್‌ಗಳು ಕವಚದೊಳಗೆ ಮಲಗಿರುತ್ತವೆ, ಪ್ರಯೋಗಾಲಯದ ನೀರಿನಲ್ಲಷ್ಟೇ ಏಳುತ್ತವೆ ಎಂದು ಗುಡಿ ಎಂಬ ಸಂಶೋಧಕ ಆಕ್ಷೇಪಿಸಿದ. ಅದೇ ಕೇಂದ್ರದ ಡಿ. ವಾರ್ಡ್ ಕಟ್ಲರ್ ಇದಕ್ಕೆ ಉತ್ತರ ಹುಡುಕಿದ ಬಗೆ ಅದ್ಭುತ. ಮಣ್ಣನ್ನು ಎರಡು ಪಾಲು ಮಾಡಿ ಒಂದನ್ನು ಹಾಗೆಯೇ ಎಣಿಸುವುದು. ಇನ್ನೊಂದನ್ನು ರಾತ್ರಿಯಿಡೀ ಹೈಡ್ರೋಕ್ಲೋರಿಕ್ ಆಮ್ಲದಲ್ಲಿಟ್ಟು ಎಣಿಸುವುದು. ಆಮ್ಲದಲ್ಲಿ ಎಚ್ಚರವಿದ್ದವು ಸಾಯುತ್ತವೆ, ಕವಚದೊಳಗಿನವು ಉಳಿಯುತ್ತವೆ. ಎರಡರ ವ್ಯತ್ಯಾಸವೇ ಎಚ್ಚರವಿದ್ದವುಗಳ ಲೆಕ್ಕ. ಸಹೋದ್ಯೋಗಿಗಳೊಡನೆ ಸತತ 365 ದಿನ ಹೀಗೆ ಎಣಿಸಿ 1922ರಲ್ಲಿ ಆತ ಫಲಿತಾಂಶ ಪ್ರಕಟಿಸಿದ: ಎಚ್ಚರವಿರುವ ಅಮೀಬಾ ಹೆಚ್ಚಿದಾಗ ಬ್ಯಾಕ್ಟೀರಿಯಾ ತಗ್ಗುತ್ತಿದ್ದವು. ಹೊಲದಲ್ಲಿ ನಿಜಕ್ಕೂ ಬೇಟೆ ನಡೆದಿತ್ತು.

ಹಳೆಯ ವಿಧಾನ ಕುರುಡಾಗಿರಲಿಲ್ಲವೇ ಎಂದು ಕೇಳಬಹುದು. ಇತ್ತು: ಪ್ರಯೋಗಾಲಯದಲ್ಲಿ ಬೆಳೆಯದವು ಕಟ್ಲರನ ಲೆಕ್ಕಕ್ಕೆ ಸಿಗಲಿಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮಳೆಕಾಡುಗಳ ಮಣ್ಣಿನಲ್ಲಿ ಎಪಿಕಾಂಪ್ಲೆಕ್ಸ ಎಂಬ ಪರಾವಲಂಬಿಗಳೇ ಮೇಲುಗೈ ಪಡೆದಿವೆಯೆಂದು 2017ರಲ್ಲಿ ತೋರಿಸಿದ್ದು ಡಿಎನ್‌ಎ. ಆದರೆ ಅದರ ಕುರುಡು ಇನ್ನೊಂದು ಬಗೆಯದು. ಮಣ್ಣಿನ ಬ್ಯಾಕ್ಟೀರಿಯಾ, ಶಿಲೀಂಧ್ರಗಳ ಡಿಎನ್‌ಎಯಲ್ಲಿ ಸರಾಸರಿ ಸುಮಾರು ಶೇಕಡಾ 40ರಷ್ಟು ಸತ್ತವುಗಳ ಉಳಿಕೆಯೆಂದು 2016ರ ಅಧ್ಯಯನವೊಂದು ಕಂಡುಕೊಂಡಿತು. ಮಲಗಿದವೂ ಒಂದು ದಿನ ಏಳಬಹುದಲ್ಲ ಎಂಬ ಮಾತೂ ಸರಿಯೇ; ಸೈಬೀರಿಯಾದ ಹಿಮನೆಲದಲ್ಲಿ ಸುಮಾರು 24,000 ವರ್ಷ ಹೆಪ್ಪುಗಟ್ಟಿದ್ದ ರೋಟಿಫರ್ ಎದ್ದು ಸಂತಾನ ಬೆಳೆಸಿದೆ. ಆದರೂ ಪೈರಿಗೆ ಬೇಕಾದ್ದು ಇಂದಿನ ಊಟ. ರಸೆಲ್ ಶತ್ರುವೆಂದುಕೊಂಡಿದ್ದ ಅಮೀಬಾ ಬ್ಯಾಕ್ಟೀರಿಯಾಗಳನ್ನು ತಿಂದು ಹೊರಹಾಕುವ ಸಾರಜನಕ ಬೇರಿಗೆ ದಕ್ಕುತ್ತದೆಂದು ಮುಂದೆ ತಿಳಿಯಿತು. ಆ ಕೆಲಸ ಎಚ್ಚರವಿರುವ ಅಮೀಬಾದ್ದು ಮಾತ್ರ. ಅದಕ್ಕೇ ಈಗ ಕೆಲವರು ಡಿಎನ್‌ಎ ಜೊತೆಗೆ, ಜೀವಕೋಶ ಸತ್ತಮೇಲೆ ಬೇಗ ಕರಗುವ ಆರ್‌ಎನ್‌ಎಯನ್ನೂ ಓದುತ್ತಾರೆ. ಕಟ್ಲರನ ಆಮ್ಲದ ಪಾಲು ಮಾಡುತ್ತಿದ್ದ ಕೆಲಸಕ್ಕೆ ಹತ್ತಿರದ ಪ್ರಯತ್ನ ಅದು.