ಹನ್ನೊಂದೂವರೆ ಪೌಂಡು

ಕವಿಗೂ ವಿದ್ವಾಂಸನಿಗೂ ಅರಸರು ದಾನವಿತ್ತ ಕಥೆಗಳು ನಮ್ಮ ಸಾಹಿತ್ಯಚರಿತ್ರೆಯಲ್ಲಿ ಬೇಕಾದಷ್ಟಿವೆ. ಪಂಪನಿಗೆ ಅರಿಕೇಸರಿಯು ಧರ್ಮವುರವೆಂಬ ಅಗ್ರಹಾರವನ್ನು ಕೊಟ್ಟ ಸಂಗತಿಯನ್ನು ನಾನು ಮೂವತ್ತು ವರ್ಷ ತರಗತಿಯಲ್ಲಿ ಹೇಳಿದ್ದೇನೆ. ಅದು ಬರೆದು ಮುಗಿಸಿದ ಕಾವ್ಯಕ್ಕೆ ಸಂದ ಮನ್ನಣೆ. ಆಧುನಿಕ ಕಾಲದ ವಿದ್ಯಾರ್ಥಿವೇತನದ ಜಾತಿಯೇ ಬೇರೆ. ಇನ್ನೂ ಕಲಿಯದ ವಿದ್ಯೆಗೆ, ಇನ್ನೂ ಬರೆಯದ ಗ್ರಂಥಕ್ಕೆ ಮುಂಗಡವಾಗಿ ತೆತ್ತ ಹಣ ಅದು. ಆದಕಾರಣ ಅದಕ್ಕೊಂದು ಮೊತ್ತವಿರುತ್ತದೆ, ಒಂದು ಅವಧಿಯಿರುತ್ತದೆ, ಬಹುಮಟ್ಟಿಗೆ ಒಂದು ಕರಾರೂ ಇರುತ್ತದೆ. ವಿದ್ಯೆಗಾದರೋ ಇವು ಮೂರರ ಪರಿವೆಯೂ ಇಲ್ಲ; ಅದು ತನ್ನ ಕಾಲವನ್ನು ತಾನೇ ತೆಗೆದುಕೊಳ್ಳುತ್ತದೆ. ಈ ಇಕ್ಕಟ್ಟಿನಲ್ಲಿ ಒಬ್ಬ ವಿದ್ಯಾರ್ಥಿ ತನ್ನ ವ್ಯಾಸಂಗವನ್ನು ಹೇಗೆ ಪೂರೈಸಿದನೆಂಬುದನ್ನು ಇಂದು ಹೇಳಬೇಕೆಂದಿದ್ದೇನೆ. ಆತ ಭೀಮರಾವ್ ರಾಮಜಿ ಅಂಬೇಡ್ಕರ್. ಅವರ ಹೋರಾಟವನ್ನೂ ಸಂವಿಧಾನದ ಕಾರ್ಯವನ್ನೂ ಬಲ್ಲವರು ಬಹಳ. ಅವರ ಓದಿನ ಜಮಾಖರ್ಚನ್ನು ತೆರೆದು ನೋಡಿದವರು ಕಡಮೆ.

ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರಿಗೆ ಬರೋಡೆಯ ಮಹಾರಾಜ ಸಯಾಜಿರಾವ್ ಗಾಯಕವಾಡರಿಂದ ತಿಂಗಳಿಗೆ 25 ರೂಪಾಯಿ ಬರುತ್ತಿತ್ತು. ಇದನ್ನು ದೊರಕಿಸಿಕೊಟ್ಟವರು ಕೃಷ್ಣಾಜಿ ಅರ್ಜುನ್ ಕೆಳುಸ್ಕರ್ ಎಂಬ ಉದಾರಿ ಉಪಾಧ್ಯಾಯರು. ಬಿ.ಎ. ಮುಗಿಸಿ 1913ರ ಜನವರಿಯಲ್ಲಿ ಅಂಬೇಡ್ಕರರು ಬರೋಡೆಯಲ್ಲಿ ನೌಕರಿಗೆ ಸೇರಿದರು. ಕೆಲವೇ ದಿನಗಳಲ್ಲಿ ತಂದೆಗೆ ಕಾಯಿಲೆಯೆಂದು ಸುದ್ದಿ ಬಂತು. ಫೆಬ್ರವರಿ 2ರಂದು ರಾಮಜಿಯವರು ತೀರಿಕೊಂಡರು. ಮನೆಯ ಭಾರ ಹೆಗಲಿಗೇರಿದ ಆ ಹೊತ್ತಿನಲ್ಲಿ ಬಂದದ್ದು ಅಮೆರಿಕಕ್ಕೆ ಹೋಗಿ ಓದುವ ಅವಕಾಶ. ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷ. ಹಿಂತಿರುಗಿದ ಮೇಲೆ ಹತ್ತು ವರ್ಷ ಬರೋಡಾ ಸಂಸ್ಥಾನದ ಸೇವೆ. 1913ರ ಜೂನ್ 4ರಂದು ಈ ಕರಾರಿಗೆ ಅವರು ರುಜು ಹಾಕಿದರು.

ಲೆಕ್ಕವನ್ನು ತುಸು ನಿಧಾನವಾಗಿ ನೋಡೋಣ. ಆಗ ಒಂದು ಪೌಂಡಿಗೆ ಹದಿನೈದು ರೂಪಾಯಿ. ಎಂದರೆ ತಿಂಗಳಿಗೆ ನೂರ ಎಪ್ಪತ್ತೆರಡೂವರೆ ರೂಪಾಯಿ; ಮೂರು ವರ್ಷಕ್ಕೆ ಒಟ್ಟು 414 ಪೌಂಡು. ಮುಂಬಯಿಯ ಚಾಳಿನಲ್ಲಿ ಇದು ಐಶ್ವರ್ಯ. ನ್ಯೂಯಾರ್ಕಿನಲ್ಲಿ ಅಷ್ಟೇನೂ ಅಲ್ಲ. ಇದರಲ್ಲೇ ಊಟ, ವಸತಿ, ಪುಸ್ತಕ. ಇದರಲ್ಲೇ ಉಳಿಸಿ ಮನೆಯಲ್ಲಿದ್ದ ರಮಾಬಾಯಿಯವರಿಗೆ ಕಳುಹಿಸಬೇಕು. ಹಣ ಬಿಗಿಯಾಗಿದ್ದಾಗ ವಿದ್ಯಾರ್ಥಿಯು ಸಾಮಾನ್ಯವಾಗಿ ಓದನ್ನು ಕಿರಿದು ಮಾಡಿಕೊಳ್ಳುತ್ತಾನೆ, ಪರೀಕ್ಷೆಗೆ ಬೇಕಾದಷ್ಟನ್ನು ಓದಿ ಪದವಿಯೊಡನೆ ಹೊರಡುತ್ತಾನೆ. ಅಂಬೇಡ್ಕರರು ಕಿರಿದು ಮಾಡಿಕೊಂಡದ್ದು ಊಟವನ್ನು. ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಅವರು ಅರ್ಥಶಾಸ್ತ್ರವೊಂದರಲ್ಲೇ 29 ಪಾಠಕ್ರಮಗಳನ್ನು ತೆಗೆದುಕೊಂಡರು, ಇತಿಹಾಸದಲ್ಲಿ 11. ಸಮಾಜಶಾಸ್ತ್ರ, ತತ್ತ್ವಶಾಸ್ತ್ರ, ಮಾನವಶಾಸ್ತ್ರಗಳು ಬೇರೆ. ಹಳೆಯ ಪುಸ್ತಕದ ಅಂಗಡಿಗಳಿಂದ ಕೊಂಡ ಗ್ರಂಥಗಳು ಎರಡು ಸಾವಿರದಷ್ಟಾದುವೆಂದು ಚರಿತ್ರಕಾರರು ಬರೆಯುತ್ತಾರೆ. 1915ರಲ್ಲಿ ಎಂ.ಎ. ಆಯಿತು, 1916ರಲ್ಲಿ ಡಾಕ್ಟರೇಟಿನ ಪ್ರಬಂಧವೂ ಸಿದ್ಧವಾಯಿತು.

ಇಲ್ಲಿ ಒಂದು ಸೂಕ್ಷ್ಮವಿದೆ. ಕೊಲಂಬಿಯಾದ ಅಂದಿನ ನಿಯಮದಂತೆ ಪ್ರಬಂಧ ಅಂಗೀಕೃತವಾದರೆ ಸಾಲದು. ಅದನ್ನು ಅಚ್ಚು ಹಾಕಿಸಿ ಪ್ರತಿಗಳನ್ನು ಒಪ್ಪಿಸಿದ ಮೇಲೆಯೇ ಪದವಿ. ವಿದ್ಯಾರ್ಥಿವೇತನದಲ್ಲಿ ಅಚ್ಚಿನ ಖರ್ಚಿಗೆ ಬಾಬತ್ತಿರಲಿಲ್ಲ. ಪ್ರಬಂಧ ಕೈಯಲ್ಲಿತ್ತು, ಪದವಿ ಇರಲಿಲ್ಲ.

ಆ ವರ್ಷದ ಅಕ್ಟೋಬರಿನಲ್ಲಿ ಅವರು ಲಂಡನ್ನಿಗೆ ಹೋಗಿ ಗ್ರೇಸ್ ಇನ್ನಿಗೂ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸಿಗೂ ಏಕಕಾಲದಲ್ಲಿ ಸೇರಿದರು. ಆದರೆ ಬರೋಡೆಯ ನೆರವು ಹೆಚ್ಚು ಕಾಲ ನಡೆಯಲಿಲ್ಲ. 1917ರಲ್ಲಿ ಓದು ನಡುವೆಯೇ ನಿಂತಿತು. ಹೊರಡುವ ಮುನ್ನ ಅವರು ಮಾಡಿಕೊಂಡ ಒಂದು ಏರ್ಪಾಟನ್ನು ನಾನು ಬಹಳ ಮೆಚ್ಚಿಕೊಂಡಿದ್ದೇನೆ. ನಾಲ್ಕು ವರ್ಷದೊಳಗಾಗಿ ಹಿಂತಿರುಗಿ ವ್ಯಾಸಂಗವನ್ನು ಮುಂದುವರಿಸಲು ಲಂಡನ್ ವಿಶ್ವವಿದ್ಯಾನಿಲಯದ ಅನುಮತಿಯನ್ನು ಪಡೆದರು. ಕೈಯಲ್ಲಿ ಕಾಸಿಲ್ಲದವನು ಬಾಗಿಲನ್ನು ಪೂರ್ತಿ ಮುಚ್ಚಗೊಡದೆ ಹೊರಟದ್ದು ಹೀಗೆ. ವಿದೇಶದ ಪ್ರವೇಶಪತ್ರ ಹಿಡಿದು ಶಿಫಾರಸಿನ ಓಲೆಗಾಗಿ ನನ್ನ ಮನೆಗೆ ಬರುವ ತರುಣರು ಮೊದಲು ನೋಡುವುದು ಹಣದ ಅಂಕಿಯನ್ನು. ಎಷ್ಟು ವರ್ಷ, ನಡುವೆ ಬಿಟ್ಟರೆ ಏನು, ಮತ್ತೆ ಸೇರಲು ದಾರಿಯುಂಟೆ ಎಂಬುದು ಕೆಳಗಿನ ಸಣ್ಣ ಅಕ್ಷರದಲ್ಲಿರುತ್ತದೆ. ಅದನ್ನು ಓದಿ ಬನ್ನಿ ಎಂದು ಕಳುಹಿಸುತ್ತೇನೆ. ಕೆಲವರಿಗೆ ನನ್ನ ಮೇಲೆ ಅಸಮಾಧಾನ.

ಇನ್ನು ಕರಾರಿನ ಕಥೆ. 1917ರ ಸೆಪ್ಟೆಂಬರಿನಲ್ಲಿ, ಕೊಟ್ಟ ಮಾತಿನಂತೆ, ಅವರು ಬರೋಡೆಗೆ ಹೋದರು. ಹುದ್ದೆ ದೊಡ್ಡದು, ಮಹಾರಾಜರ ಮಿಲಿಟರಿ ಕಾರ್ಯದರ್ಶಿ. ತಲೆಯಿಡಲು ಜಾಗ ಮಾತ್ರ ಇಲ್ಲ. ಹಿಂದೂ ವಸತಿಗೃಹಗಳಲ್ಲಿ ಅಸ್ಪೃಶ್ಯನಿಗೆ ಪ್ರವೇಶವಿರಲಿಲ್ಲ. ಒಂದು ಪಾರ್ಸಿ ಛತ್ರದಲ್ಲಿ ದಿನಕ್ಕೆ ಒಂದೂವರೆ ರೂಪಾಯಿ ತೆತ್ತು, ಪಾರ್ಸಿ ಹೆಸರಿನಲ್ಲಿ ಇದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ದೊಣ್ಣೆ ಹಿಡಿದ ಗುಂಪೊಂದು ಬಂದು ಸಂಜೆಯೊಳಗೆ ಖಾಲಿಮಾಡೆಂದು ಬೆದರಿಸಿತು. ಕಾಮಾಠಿ ಬಾಗ್ ಉದ್ಯಾನದಲ್ಲಿ ಐದು ಗಂಟೆಗಳನ್ನು ಕಳೆದು ಅವರು ರಾತ್ರಿಯ ರೈಲಿನಲ್ಲಿ ಮುಂಬಯಿಗೆ ಹಿಂತಿರುಗಿದರು. ಹತ್ತು ವರ್ಷದ ಸೇವೆ ಹೀಗೆ ಹನ್ನೊಂದು ದಿನಕ್ಕೆ ಮುಗಿಯಿತು. ಮಹಾರಾಜರ ಔದಾರ್ಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ವಿದ್ವಾಂಸನನ್ನು ಕಡಲಾಚೆಗೆ ಕಳುಹಿಸಬಲ್ಲ ಬೊಕ್ಕಸವು ಅವನಿಗೆ ತನ್ನ ರಾಜಧಾನಿಯಲ್ಲೇ ಒಂದು ಕೋಣೆಯನ್ನು ಕೊಡಿಸಲಾರದೆ ಹೋಯಿತಲ್ಲ! ಕರಾರನ್ನು ಮುರಿದವರಾರೆಂದು ಕೇಳಿದರೆ ನಾನು ಅಂಬೇಡ್ಕರರ ಹೆಸರನ್ನು ಹೇಳಲಾರೆ.

ಇವುಗಳ ಜೊತೆಗೆ ಮತ್ತೊಂದು ನಷ್ಟ. ಮಹಾಯುದ್ಧದ ಕಾಲ, ಅವರ ಪುಸ್ತಕಗಳನ್ನು ಹೇರಿಕೊಂಡು ಬರುತ್ತಿದ್ದ ಹಡಗು ಟಾರ್ಪಿಡೊ ಏಟಿಗೆ ಸಿಕ್ಕಿ ಮುಳುಗಿತು.

ಎರಡನೆಯ ಯಾತ್ರೆಗೆ ರಾಜಾಶ್ರಯದ ಕರಾರಿರಲಿಲ್ಲ. 1918ರ ನವೆಂಬರಿನಲ್ಲಿ ಮುಂಬಯಿಯ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಲಂಡನ್ನಿನ ಗಡುವು ಕಣ್ಣಮುಂದಿತ್ತು. ಸಂಬಳದಲ್ಲಿ ಉಳಿಸುತ್ತ ಹೋದರು. ಸ್ವಂತ ಉಳಿತಾಯ, ಕೊಲ್ಹಾಪುರದ ಶಾಹು ಮಹಾರಾಜರ ನೆರವು, ಮಿತ್ರ ನವಲ್ ಭಥೇನಾ ಅವರಿಂದ ಐದು ಸಾವಿರ ರೂಪಾಯಿ ಸಾಲ, ಹೀಗೆ ಮೂರು ಕಡೆಯಿಂದ ಕೂಡಿಸಿಕೊಂಡು 1920ರ ಜುಲೈಯಲ್ಲಿ ಹಡಗನ್ನೇರಿದರು. ನಾಲ್ಕು ವರ್ಷದ ಅವಧಿಯಲ್ಲಿ ಇನ್ನೂ ಒಂದು ವರ್ಷ ಬಾಕಿಯಿತ್ತು.

ಆ ವರ್ಷವೇ ರೂಪಾಯಿಯ ಬೆಲೆ ತೂಗುಯ್ಯಾಲೆಯಾಡಿತು. ಸರಕಾರ ಅದನ್ನು ಎರಡು ಶಿಲ್ಲಿಂಗಿಗೆ ಏರಿಸಿ ನಿಲ್ಲಿಸಲು ಹೆಣಗಿ ಸೋತಿತು. ಮರುವರ್ಷದ ಹೊತ್ತಿಗೆ ಅದು ಯುದ್ಧಪೂರ್ವದ ಒಂದು ಶಿಲ್ಲಿಂಗ್ ನಾಲ್ಕು ಪೆನ್ಸಿನ ಆಸುಪಾಸಿಗೆ ಕುಸಿದಿತ್ತು. ರೂಪಾಯಿಯಲ್ಲಿ ಕೂಡಿಟ್ಟು ಪೌಂಡಿನಲ್ಲಿ ಫೀಜು ಕಟ್ಟುವವನಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಅಂಬೇಡ್ಕರರು ಡಿ.ಎಸ್‌ಸಿ. ಪ್ರಬಂಧಕ್ಕೆ ಆರಿಸಿಕೊಂಡ ವಿಷಯವೂ ರೂಪಾಯಿಯ ಸಮಸ್ಯೆಯೇ. 1921ರಲ್ಲಿ ಎಂ.ಎಸ್‌ಸಿ., 1922ರಲ್ಲಿ ಬ್ಯಾರಿಸ್ಟರ್, ಅದೇ ಅಕ್ಟೋಬರಿನಲ್ಲಿ ಪ್ರಬಂಧದ ಸಲ್ಲಿಕೆ. ಪರೀಕ್ಷಕರು ತಿದ್ದಿ ಬರೆಯಬೇಕೆಂದು ಹಿಂದಕ್ಕೆ ಕೊಟ್ಟರು. ಅಷ್ಟರಲ್ಲಿ ಹಣ ತೀರಿತ್ತು. 1923ರ ಏಪ್ರಿಲಿನಲ್ಲಿ ಮುಂಬಯಿಗೆ ಬಂದು, ಅಲ್ಲಿಂದಲೇ ತಿದ್ದಿ ಕಳುಹಿಸಿದರು. ನವೆಂಬರಿನಲ್ಲಿ ಪದವಿ ಬಂತು. ಗುರು ಎಡ್ವಿನ್ ಕ್ಯಾನನ್ನರ ಮುನ್ನುಡಿಯೊಡನೆ ಡಿಸೆಂಬರಿನಲ್ಲಿ ಪುಸ್ತಕ ಹೊರಬಂತು.

ಕೊಲಂಬಿಯಾದ ಋಣ ಇನ್ನೂ ಉಳಿದಿತ್ತು. 1925ರಲ್ಲಿ ಬ್ರಿಟಿಷ್ ಇಂಡಿಯಾದ ಪ್ರಾಂತೀಯ ಹಣಕಾಸಿನ ವಿಕಾಸವನ್ನು ಕುರಿತ ಅವರ ಗ್ರಂಥ ಅಚ್ಚಾಯಿತು. ಪ್ರತಿಗಳು ನ್ಯೂಯಾರ್ಕಿಗೆ ಹೋದುವು. 1927ರಲ್ಲಿ ವಿಶ್ವವಿದ್ಯಾನಿಲಯವು ಪಿಎಚ್.ಡಿ. ಪ್ರದಾನಮಾಡಿತು. ಹಡಗಿಳಿದು ಹದಿನಾಲ್ಕು ವರ್ಷಗಳಾಗಿದ್ದುವು. ಆ ಗ್ರಂಥದ ಅರ್ಪಣೆಯ ಪುಟದಲ್ಲಿರುವುದು ಸಯಾಜಿರಾವ್ ಗಾಯಕವಾಡರ ಹೆಸರು, ತನ್ನ ವಿದ್ಯಾಭ್ಯಾಸಕ್ಕೆ ಮಾಡಿದ ಸಹಾಯಕ್ಕೆ ಕೃತಜ್ಞತೆಯಾಗಿ. ಕಾಮಾಠಿ ಬಾಗಿನ ಆ ಸಂಜೆಯ ತರುವಾಯವೂ ಹೀಗೆ ಬರೆಯಬಲ್ಲ ಮನಸ್ಸು ಯಾವ ತೂಕದ್ದೆಂದು ನಾನು ಆ ಪುಟವನ್ನು ತೆರೆದಾಗಲೆಲ್ಲ ಯೋಚಿಸುತ್ತೇನೆ.

1942ರಲ್ಲಿ ವೈಸರಾಯರ ಕಾರ್ಯಾಂಗ ಮಂಡಳಿಯ ಸದಸ್ಯರಾದೊಡನೆ ಅವರು ಲಿನ್‌ಲಿತ್‌ಗೋ ಅವರಿಗೆ ಒಂದು ಮನವಿಯನ್ನು ಸಲ್ಲಿಸಿದರು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳು ವಿಜ್ಞಾನವನ್ನೂ ತಂತ್ರವಿದ್ಯೆಯನ್ನೂ ಕಲಿಯಲು ಭಾರತ ಸರಕಾರ ಹಣ ಒದಗಿಸಬೇಕು, ವಿದೇಶ ವ್ಯಾಸಂಗಕ್ಕೂ ಕೊಡಬೇಕು ಎಂಬುದು ಅದರಲ್ಲಿನ ಒಂದು ಬೇಡಿಕೆ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಯೋಜನೆ 1944ರಲ್ಲಿ ಆರಂಭವಾಯಿತು. ಅದರ ಅರ್ಜಿಗಳಿಗೆ ನಾನೂ ನನ್ನ ಅಧ್ಯಾಪಕವೃತ್ತಿಯುದ್ದಕ್ಕೂ ಪ್ರತಿ ವರ್ಷ ರುಜು ಹಾಕಿದ್ದೇನೆ.