ಪದ ಪರಿಚಯ: ಆಂಬಿಯೆಂಟ್

ಲ್ಯಾಟಿನ್ನಿನ 'ಆಂಬಿರೆ' ಎಂದರೆ ಸುತ್ತ ಹೋಗುವುದು, ಸುತ್ತುವರಿಯುವುದು. ಅದರಿಂದ ಹುಟ್ಟಿದ 'ಆಂಬಿಯೆಂಟ್' ಇಂಗ್ಲಿಷಿನಲ್ಲಿ ಬಹುಕಾಲ ಸುತ್ತಲಿನ ಗಾಳಿ, ಉಷ್ಣತೆಗಳನ್ನು ಹೇಳುವ ವಿಶೇಷಣ. ಅದನ್ನು ಸಂಗೀತದ ಪ್ರಕಾರವೊಂದರ ಹೆಸರಾಗಿ ನೆಲೆಗೊಳಿಸಿದವರು ಬ್ರಿಟನ್ನಿನ ಬ್ರಯಾನ್ ಈನೊ. 1978ರ 'ಮ್ಯೂಸಿಕ್ ಫಾರ್ ಏರ್‌ಪೋರ್ಟ್ಸ್' ಆಲ್ಬಮ್ಮಿಗೆ ಅವರು ಕೊಟ್ಟ ಪೂರ್ವನಾಮ 'ಆಂಬಿಯೆಂಟ್ 1'.

ಅದರ ಎರಡನೆಯ ರಚನೆಯಲ್ಲಿ ಒಂದೊಂದೇ ಸ್ವರ ಹಿಡಿದ ಹಾಡುದನಿಗಳು ಬೇರೆಬೇರೆ ಉದ್ದದ ಟೇಪ್ ಸುರುಳಿಗಳಲ್ಲಿ ತಿರುಗುತ್ತವೆ. ಉದ್ದಗಳು ಹೊಂದದ ಕಾರಣ ಸ್ವರಗಳು ಕೂಡುವ ಬಗೆ ಬದಲಾಗುತ್ತಲೇ ಇರುತ್ತದೆ. ತಾಳವಿಲ್ಲ, ಪಲ್ಲವಿಯಿಲ್ಲ, ಎಷ್ಟು ಚೆಂದ!

ಹೋಟೆಲು, ಲಿಫ್ಟುಗಳ ಹಿನ್ನೆಲೆ ಸಂಗೀತಕ್ಕೂ ಇದೇ ಹೆಸರು ಹಚ್ಚುವುದು ಸರಿಯಲ್ಲ. ಅದರಿಂದ ಬೇರೆ ಎಂದು ತೋರಿಸಲೆಂದೇ ಈನೊ ಈ ಪದವನ್ನು ಆರಿಸಿಕೊಂಡದ್ದು. ಓದುವಾಗಲೋ ಸೊಪ್ಪು ಬಿಡಿಸುವಾಗಲೋ ಸಣ್ಣ ದನಿಯಲ್ಲಿ ಹಾಕಿಕೊಂಡು ಕೇಳಿ.